ನಿಮ್ಮ ಮಕ್ಕಳು ಕೇಳಿದಾಗ

ಓದಲು: ಲೂಕ 2:41-52, ಯೆಹೋಶುವ 4:1-9, ಧರ್ಮೋಪದೇಶಕಾಂಡ 6:20-25



ಬೆಟ್ಟ ಹತ್ತಿ ಬಂದಿದ್ದೀರಿ. ಕಾಲು ನೋಯುತ್ತಿರಬಹುದು. ಮೊದಲು ನೆರಳಲ್ಲಿ ಕುಳಿತು ಒಂದು ಲೋಟ ನೀರು ಕುಡಿಯಿರಿ, ಆಮೇಲೆ ಈ ಪುಟಗಳನ್ನು ಓದಿ. ಓದುವುದಕ್ಕೂ ಮುಂಚೆ ಒಂದು ಸಣ್ಣ ಕೆಲಸ ಇದೆ. ನಿಮ್ಮ ಜೊತೆ ಬಂದ ಮಕ್ಕಳು, ಮೊಮ್ಮಕ್ಕಳು ಎಲ್ಲಿದ್ದಾರೆ ಅಂತ ಒಮ್ಮೆ ತಿರುಗಿ ನೋಡಿ. "ಎಲ್ಲೋ ನಮ್ಮವರ ಜೊತೆಗೇ ಇರ್ತಾರೆ ಬಿಡಿ" ಅಂದುಕೊಂಡಿರಾ? ನಜರೇತಿನ ಆ ಪವಿತ್ರ ಕುಟುಂಬವೂ ಹಾಗೇ ಅಂದುಕೊಂಡಿತ್ತು.

ಜೋಸೆಫರೂ ಮಾತೆ ಮರಿಯಮ್ಮನವರೂ ನಮ್ಮ ಹಾಗೇ ಯಾತ್ರಿಕರು. ವರ್ಷ ವರ್ಷವೂ ಪಾಸ್ಖ ಹಬ್ಬಕ್ಕೆ ಜೆರುಸಲೇಮಿಗೆ ಹೋಗಿ ಬರುವ ಪದ್ಧತಿ ಅವರದು. ಬಾಲಕ ಯೇಸುವಿಗೆ ಹನ್ನೆರಡು ವರ್ಷವಾಗಿದ್ದಾಗ ಹಬ್ಬ ಮುಗಿಸಿ ಹಿಂತಿರುಗುವಾಗ ಮಗ ಜೊತೆಯಲ್ಲಿಲ್ಲ ಅನ್ನುವುದು ಅವರಿಗೆ ಗೊತ್ತಾಗಲೇ ಇಲ್ಲ. ಗುಂಪಿನಲ್ಲಿ ಬಂಧುಬಳಗದವರ ಜೊತೆ ಬರುತ್ತಿದ್ದಾನೆ ಎಂದು ನಂಬಿ ಒಂದು ಇಡೀ ದಿನದ ದಾರಿ ನಡೆದುಬಿಟ್ಟರು. ಅವರು ಕೆಟ್ಟ ತಂದೆತಾಯಿಯಲ್ಲ, ಅವರಿಗಿಂತ ಒಳ್ಳೆಯವರನ್ನು ಎಲ್ಲಿ ಹುಡುಕೋಣ? ಆದರೂ ಒಂದು ದಿನದ ದಾರಿ!

ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೂ ಇದೇ ಅಲ್ಲವೇ? ಮಗುವಿಗೆ ದೀಕ್ಷಾಸ್ನಾನ ಆಯಿತು, ಮೊದಲ ಪರಮಪ್ರಸಾದ ಆಯಿತು, ಫೋಟೋ ತೆಗೆಸಿ ಗೋಡೆಗೆ ಹಾಕಿದ್ದಾಯಿತು, ದೃಢೀಕರಣವೂ ಆಯಿತು. ಧರ್ಮಕೇಂದ್ರದ ದಾಖಲೆ ಪುಸ್ತಕದಲ್ಲಿ ಹೆಸರಿದೆ. ಇನ್ನೇನು, ಗುಂಪಿನಲ್ಲಿ ಇದ್ದಾನೆ. ಕಾಲೇಜಿಗೆ ಹೋದ, ಕೆಲಸಕ್ಕೆ ಸೇರಿದ, ಬೇರೆ ಊರಿಗೆ ಹೋದ. ನಾವು ನಡೆಯುತ್ತಲೇ ಇದ್ದೇವೆ. ಯಾವುದೋ ಒಂದು ಕ್ರಿಸ್ಮಸ್ ರಾತ್ರಿ "ನಾನು ಬರಲ್ಲಮ್ಮ, ನೀವು ಹೋಗಿ ಬನ್ನಿ" ಅಂದಾಗ ಎದೆ ಧಸಕ್ ಅನ್ನುತ್ತದೆ.

ಮೂರು ದಿನವಾದ ಮೇಲೆ ಆ ಬಾಲಕ ಸಿಕ್ಕಿದ್ದು ಎಲ್ಲಿ? ದೇವಾಲಯದಲ್ಲಿ, ಬೋಧಕರ ನಡುವೆ. ಏನು ಮಾಡುತ್ತಿದ್ದ? ಅವರ ಮಾತು ಕೇಳುತ್ತಿದ್ದ, ಅವರಿಗೆ ಪ್ರಶ್ನೆ ಹಾಕುತ್ತಿದ್ದ. ಸಂತ ಲೂಕರು ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಪ್ರಶ್ನೆ ಕೇಳುವ ಮಗು ದೇವರಿಂದ ದೂರ ಹೋಗುತ್ತಿದೆ ಅಂತ ನಾವು ಭಯಪಡುತ್ತೇವೆ. ದೇವಪುತ್ರನೇ ಹನ್ನೆರಡನೇ ವಯಸ್ಸಿನಲ್ಲಿ ತನ್ನ ತಂದೆಯ ಮನೆಯಲ್ಲಿ ಕುಳಿತು ಪ್ರಶ್ನೆ ಕೇಳುತ್ತಿದ್ದ. ಇನ್ನೊಂದನ್ನೂ ಗಮನಿಸಿ: ಅವನು ಕೊಟ್ಟ ಉತ್ತರ ತಂದೆತಾಯಿಗೆ ಅರ್ಥವಾಗಲಿಲ್ಲ. ಮರಿಯಮ್ಮನವರು ಅದಕ್ಕೆ ಬೈಯಲಿಲ್ಲ, ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡರು.

ನಾನು ಹಾಗೆ ಮಾಡಲಿಲ್ಲ. ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಒಂಬತ್ತನೆಯ ಸ್ಥಳದಲ್ಲಿ

ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಭಾನುವಾರದ ಧರ್ಮೋಪದೇಶ ತರಗತಿ ನಡೆಸಿದವನು. ಊರಿನ ಮಕ್ಕಳಿಗೆಲ್ಲಾ ಪ್ರೇಷಿತರ ವಿಶ್ವಾಸ ಸಂಗ್ರಹ ಬಾಯಿಪಾಠ ಮಾಡಿಸಿದ್ದೇನೆ. ನನ್ನ ಮಗನಿಗೆ ಒಂಬತ್ತು ವರ್ಷವಿದ್ದಾಗ ತಪಸ್ಸುಕಾಲದ ಒಂದು ಶುಕ್ರವಾರ ಇಂಥದೇ ಒಂದು ಬೆಟ್ಟದಲ್ಲಿ ಶಿಲುಬೆಯ ಹಾದಿ ಮಾಡುತ್ತಿದ್ದೆವು. ಮುಂದೆ ನಿಂತು ಪ್ರಾರ್ಥನೆ ಓದುತ್ತಿದ್ದವನು ನಾನೇ. ಒಂಬತ್ತನೆಯ ಸ್ಥಳದಲ್ಲಿ ಯೇಸುಸ್ವಾಮಿ ಮೂರನೆಯ ಸಲ ಬೀಳುತ್ತಾರೆ. ಎಲ್ಲರೂ ಮೊಣಕಾಲೂರಿದ್ದರು. ಮಗ ನನ್ನ ಅಂಗಿ ಎಳೆದು, "ಅಪ್ಪಾ, ಯೇಸುಸ್ವಾಮಿ ದೇವರಲ್ವಾ? ಮತ್ತೆ ಯಾಕೆ ಬಿದ್ದು ಬಿದ್ದು ಹೋಗ್ತಾರೆ?" ಅಂತ ಕೇಳಿದ.

"ಸುಮ್ನಿರೋ. ಜಪ ಮಾಡುವಾಗ ಹಾಗೆಲ್ಲಾ ಕೇಳಬಾರದು, ಪಾಪ" ಅಂದೆ. ಜನರ ಮುಂದೆ ನನಗೆ ನಾಚಿಕೆಯಾಯಿತು, ಅಷ್ಟೇ. ಉಪದೇಶಿಯ ಮಗನೇ ಹೀಗೆ ಕೇಳಿದರೆ ಜನ ಏನಂದುಕೊಳ್ಳುತ್ತಾರೆ!

ಅವನು ಸುಮ್ಮನಾದ. ದೊಡ್ಡವನಾದ ಮೇಲೂ ಸುಮ್ಮನೇ ಇದ್ದ. ಪೂಜೆಗೆ ಬರುವುದು ನಿಧಾನವಾಗಿ ಕಡಿಮೆಯಾಯಿತು. ಜಗಳ ಆಡಲಿಲ್ಲ, ವಾದ ಮಾಡಲಿಲ್ಲ. ಜಗಳವಾದರೂ ಆಡಿದ್ದರೆ ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತದೆ.

ಹನ್ನೆರಡು ಕಲ್ಲು

ಯೆಹೋಶುವನ ಗ್ರಂಥ ತೆಗೆಯಿರಿ. ಇಸ್ರಯೇಲರು ಜೋರ್ಡನ್ ನದಿ ದಾಟುತ್ತಿದ್ದಾರೆ. ದೇವರ ಮಂಜೂಷವನ್ನು ಹೊತ್ತ ಯಾಜಕರು ನದಿಯ ನಡುವೆ ಒಣನೆಲದ ಮೇಲೆ ನಿಂತಿದ್ದಾರೆ. ಆಗ ದೇವರು ಒಂದು ಅಪ್ಪಣೆ ಕೊಡುತ್ತಾರೆ. ಕುಲಕ್ಕೊಬ್ಬನಂತೆ ಹನ್ನೆರಡು ಜನ, ಯಾಜಕರ ಕಾಲು ನಿಂತ ಆ ಜಾಗದಿಂದಲೇ ಒಂದೊಂದು ಕಲ್ಲನ್ನು ಹೆಗಲ ಮೇಲೆ ಹೊತ್ತು ತರಬೇಕು. ಅವುಗಳನ್ನು ಗಿಲ್ಗಾಲಿನಲ್ಲಿ ನಿಲ್ಲಿಸುತ್ತಾರೆ.

ಯಾತಕ್ಕೆ? ಪೂಜೆಗೂ ಅಲ್ಲ, ಅಂದಕ್ಕೂ ಅಲ್ಲ. ಮುಂದೆ ಮಕ್ಕಳು ನೋಡಿ "ಈ ಕಲ್ಲುಗಳು ಏನು?" ಅಂತ ಕೇಳಲಿ ಎಂದು. ಎಂಥ ಜಾಣ ಉಪಾಯ ನೋಡಿ! ಮಕ್ಕಳ ಬಾಯಲ್ಲಿ ಪ್ರಶ್ನೆ ಹುಟ್ಟಲಿ ಅಂತಲೇ ದೇವರು ಕಲ್ಲು ಹೊರಿಸುತ್ತಾರೆ. ಪಾಸ್ಖ ಊಟದಲ್ಲೂ ಇದೇ. ಈ ಆಚರಣೆಯ ಅರ್ಥವೇನು ಎಂದು ಮಕ್ಕಳು ಕೇಳುವರು, ಆಗ ಹೇಳಿರಿ ಎಂದು ಮೋಶೆ ಕಲಿಸುತ್ತಾನೆ (ವಿಮೋಚನಕಾಂಡ 12:26-27). ಯೆಹೂದ್ಯರ ಮನೆಗಳಲ್ಲಿ ಇವತ್ತಿಗೂ ಪಾಸ್ಖ ರಾತ್ರಿ ಮನೆಯ ಅತಿ ಚಿಕ್ಕ ಮಗುವೇ ಪ್ರಶ್ನೆ ಕೇಳುವ ಪದ್ಧತಿ ಇದೆ. ಮಗು ಕೇಳದೆ ಹಬ್ಬದ ಕಥೆ ಶುರುವಾಗುವುದಿಲ್ಲ.

ಉತ್ತರ ಹೇಗಿರಬೇಕು ಅನ್ನುವುದನ್ನೂ ಬೈಬಲ್ ಹೇಳಿಕೊಡುತ್ತದೆ. ಧರ್ಮೋಪದೇಶಕಾಂಡ 6ನೇ ಅಧ್ಯಾಯದಲ್ಲಿ ಮಗ ಕೇಳುವುದು ನಿಯಮಗಳ ಬಗ್ಗೆ: ಈ ಆಜ್ಞೆಗಳೆಲ್ಲಾ ಯಾಕೆ? ನಾವಾಗಿದ್ದರೆ ಏನು ಹೇಳುತ್ತಿದ್ದೆವು? "ದೇವರು ಹೇಳಿದ್ದಾರೆ, ಮಾಡು" ಅಂತ ಮುಗಿಸುತ್ತಿದ್ದೆವು. ಅಲ್ಲಿ ತಂದೆ ಕೊಡಬೇಕಾದ ಉತ್ತರ ಬೇರೆ. ನಾವು ಐಗುಪ್ತದಲ್ಲಿ ಗುಲಾಮರಾಗಿದ್ದೆವು, ದೇವರು ನಮ್ಮನ್ನು ಬಿಡಿಸಿದರು ಎಂದು ಅವನು ಶುರು ಮಾಡಬೇಕು. ನಿಯಮ ಕೇಳಿದ ಮಗನಿಗೆ ಕಥೆ. ಅದೂ ಎಂಥ ಕಥೆ? ನಮ್ಮ ಪೂರ್ವಿಕರು ಮಹಾಶೂರರು ಅಂತಲ್ಲ. ನಾವು ಗುಲಾಮರಾಗಿದ್ದೆವು. ಅವಮಾನದಿಂದಲೇ ಆರಂಭ.

ಇಷ್ಟೆಲ್ಲಾ ಆದ ಮೇಲೂ ಒಂದು ಭಯಂಕರ ಮಾತು ಬೈಬಲಿನಲ್ಲಿದೆ. ಯೆಹೋಶುವನೂ ಅವನ ಕಾಲದವರೂ ತೀರಿಕೊಂಡ ಮೇಲೆ, ದೇವರನ್ನೂ ಅವರು ಇಸ್ರಯೇಲರಿಗೆ ಮಾಡಿದ ಕಾರ್ಯಗಳನ್ನೂ ಅರಿಯದ ಹೊಸ ತಲೆಮಾರು ಹುಟ್ಟಿಕೊಂಡಿತು (ನ್ಯಾಯಸ್ಥಾಪಕರು 2:10). ಹನ್ನೆರಡು ಕಲ್ಲು ನಿಲ್ಲಿಸಿದ್ದ ಜನಾಂಗಕ್ಕೇ ಹೀಗಾಯಿತು. ಒಂದೇ ತಲೆಮಾರು ಸಾಕಾಯಿತು. ಈ ಬೆಟ್ಟದ ಶಿಲುಬೆಗಳೂ ಕಲ್ಲೇ, ಮೆಟ್ಟಿಲುಗಳೂ ಕಲ್ಲೇ. ಕಲ್ಲು ತಾನಾಗಿ ಮಾತಾಡುವುದಿಲ್ಲ.

ಗುರುಗಳಿಲ್ಲದ ಇನ್ನೂರು ವರ್ಷ

"ನಮ್ಮ ಕೈಯಲ್ಲಿ ಏನಾಗುತ್ತೆ? ಫಾದರ್ ಹೇಳಬೇಕು, ಸಿಸ್ಟರ್ ಹೇಳಬೇಕು" ಅನ್ನುವ ತಂದೆತಾಯಿಗಳಿಗೆ ನಾನು ಜಪಾನಿನ ಕಥೆ ಹೇಳುತ್ತೇನೆ. ಈ ಕಥೆ ನಮ್ಮ ಪಕ್ಕದ ಗೋವದಿಂದಲೇ ಶುರುವಾಗುತ್ತದೆ. ಸಂತ ಫ್ರಾನ್ಸಿಸ್ ಕ್ಸೇವಿಯರ್ 1542ರಲ್ಲಿ ಗೋವಕ್ಕೆ ಬಂದಾಗ ಕೈಯಲ್ಲಿ ಗಂಟೆ ಹಿಡಿದು ಬಾರಿಸುತ್ತಾ ಬೀದಿ ಬೀದಿ ಸುತ್ತಿ ಮಕ್ಕಳನ್ನು ಕರೆಯುತ್ತಿದ್ದರು. ಮುತ್ತಿನ ಕರಾವಳಿಯ ಬೆಸ್ತರ ಊರುಗಳಲ್ಲಿ ತಮಿಳಿನಲ್ಲಿ ಜಪಗಳನ್ನು ಮಕ್ಕಳಿಗೆ ಕಲಿಸಿ, ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಕಲಿಸಿ ಅಂತ ಕಳಿಸುತ್ತಿದ್ದರು. ರೋಗಿಗಳ ಮನೆಗೆ ತಾವು ಹೋಗಲಾಗದಿದ್ದಾಗ ಪ್ರಾರ್ಥಿಸಲು ಮಕ್ಕಳನ್ನೇ ಕಳಿಸುತ್ತಿದ್ದರು. ಅವರೇ 1549ರ ಆಗಸ್ಟ್ 15ರಂದು ಜಪಾನಿನ ಕಾಗೋಶಿಮದಲ್ಲಿ ಇಳಿದರು.

ಐವತ್ತು ವರ್ಷ ತುಂಬುವ ಮೊದಲೇ ಹಿಂಸೆ ಶುರುವಾಯಿತು. 1597ರ ಫೆಬ್ರವರಿ 5ರಂದು ನಾಗಾಸಾಕಿಯ ಒಂದು ಗುಡ್ಡದ ಮೇಲೆ 26 ಜನರನ್ನು ಶಿಲುಬೆಗೇರಿಸಿದರು. ಅವರಲ್ಲಿ ಒಬ್ಬರು ಮುಂಬೈ ಬಳಿಯ ವಸಾಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯ. ಲೂಯಿಸ್ ಇಬಾರಾಕಿ ಎಂಬ ಹನ್ನೆರಡು ವರ್ಷದ ಬಾಲಕನೂ ಇದ್ದ. ಜೆರುಸಲೇಮಿನಲ್ಲಿ ಪ್ರಶ್ನೆ ಕೇಳುತ್ತಿದ್ದ ಬಾಲಕ ಯೇಸುವಿನದೇ ವಯಸ್ಸು.

1614ರಲ್ಲಿ ಇಡೀ ದೇಶದಲ್ಲಿ ಕ್ರೈಸ್ತಧರ್ಮ ನಿಷೇಧವಾಯಿತು. ಉಳಿದಿದ್ದ ಕೊನೆಯ ಗುರುವೂ 1644ರಲ್ಲಿ ರಕ್ತಸಾಕ್ಷಿಯಾದರು. ಅಲ್ಲಿಂದ ಮುಂದೆ ಪೂಜೆಯಿಲ್ಲ, ಪರಮಪ್ರಸಾದವಿಲ್ಲ, ಪಾಪನಿವೇದನೆ ಕೇಳುವವರಿಲ್ಲ. ಆದರೆ ನಾಗಾಸಾಕಿ ಸುತ್ತಿನ ಹಳ್ಳಿಗಳಲ್ಲಿ ರೈತರು, ಮೀನುಗಾರರು ತಮ್ಮೊಳಗೇ ಕೆಲಸ ಹಂಚಿಕೊಂಡರು. ಒಬ್ಬ ಪಂಚಾಂಗ ನೋಡಿ ಹಬ್ಬ, ಉಪವಾಸದ ದಿನ ಲೆಕ್ಕ ಹಾಕುವವನು. ಒಬ್ಬ ಮಕ್ಕಳಿಗೆ ದೀಕ್ಷಾಸ್ನಾನ ಕೊಡುವವನು. ಇನ್ನೊಬ್ಬ ಮನೆ ಮನೆಗೆ ಸುದ್ದಿ ಮುಟ್ಟಿಸುವವನು. ಬೌದ್ಧರ ಕನ್ನೋನ್ ದೇವಿಯ ವಿಗ್ರಹದ ಮುಂದೆ ಕುಳಿತು ಮಾತೆ ಮರಿಯಮ್ಮನನ್ನು ನೆನೆಯುತ್ತಿದ್ದರು.

ಸರಕಾರದವರು ಯೇಸುಸ್ವಾಮಿಯ ಅಥವಾ ಮರಿಯಮ್ಮನ ಚಿತ್ರವಿದ್ದ ಹಲಗೆಯನ್ನು ನೆಲದಲ್ಲಿಟ್ಟು, ಜನರನ್ನು ಸಾಲಾಗಿ ನಿಲ್ಲಿಸಿ, ಅದನ್ನು ತುಳಿಯಲು ಹೇಳುತ್ತಿದ್ದರು. ತುಳಿಯದಿದ್ದರೆ ಸೆರೆ, ಚಿತ್ರಹಿಂಸೆ, ಸಾವು. ಬಹಳ ಜನ ತುಳಿದರು. ಇದನ್ನು ಮುಚ್ಚಿಡಬೇಕಾಗಿಲ್ಲ. ತುಳಿದು ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಗುರುಗಳು ಹಿಂದೆ ಕಲಿಸಿಹೋಗಿದ್ದ ಪಶ್ಚಾತ್ತಾಪದ ಜಪವನ್ನು ಹೇಳುತ್ತಿದ್ದರು. ಯೋಚನೆ ಮಾಡಿ, ಆ ಮನೆಯ ಮಗು ಏನು ನೋಡಿರಬೇಕು? ಬೆಳಿಗ್ಗೆ ಅಪ್ಪ ದೇವರ ಚಿತ್ರ ತುಳಿದದ್ದನ್ನು ನೋಡಿತು. ಸಂಜೆ ಅಪ್ಪ ಕ್ಷಮೆ ಬೇಡುವುದನ್ನೂ ನೋಡಿತು. ಆ ಮಗು ದೊಡ್ಡದಾಗಿ ತನ್ನ ಮಗುವಿಗೆ ಅದೇ ಜಪ ಕಲಿಸಿತು.

1865ರ ಮಾರ್ಚ್ 17. ವಿದೇಶೀಯರಿಗೆಂದು ನಾಗಾಸಾಕಿಯ ಓರದಲ್ಲಿ ಆಗತಾನೇ ಕಟ್ಟಿದ ದೇವಾಲಯಕ್ಕೆ ಉರಕಾಮಿ ಹಳ್ಳಿಯ ಒಂದು ಗುಂಪು ಬಂತು. ಫ್ರೆಂಚ್ ಗುರು ಬರ್ನಾರ್ಡ್ ಪೆತಿಜಾನ್ ಬಾಗಿಲು ತೆರೆದು ಒಳಗೆ ಹೋಗಿ ಪ್ರಾರ್ಥನೆಗೆ ಮೊಣಕಾಲೂರಿದರು. ಒಬ್ಬ ಹೆಂಗಸು ಹತ್ತಿರ ಬಂದು, ನಮ್ಮ ಮನಸ್ಸೂ ನಿಮ್ಮ ಮನಸ್ಸೂ ಒಂದೇ ಎಂಬರ್ಥದ ಮಾತನ್ನು ಮೆಲ್ಲಗೆ ಹೇಳಿ, ಸಂತ ಮರಿಯಮ್ಮನ ಪ್ರತಿಮೆ ಎಲ್ಲಿದೆ ಎಂದು ಕೇಳಿದಳು. ತಾವು ದುಃಖದ ಕಾಲವನ್ನು ಆಚರಿಸುತ್ತಿದ್ದೇವೆ ಎಂದೂ ಅವರು ತಿಳಿಸಿದರು. ಆ ವರ್ಷ ವಿಭೂತಿ ಬುಧವಾರ ಮಾರ್ಚ್ 1ಕ್ಕೆ ಬಿದ್ದಿತ್ತು. 221 ವರ್ಷ ಗುರುಗಳಿಲ್ಲದೆ ಕಳೆದ ಜನ ತಪಸ್ಸುಕಾಲದ ಲೆಕ್ಕ ತಪ್ಪಿರಲಿಲ್ಲ! ನಮ್ಮಲ್ಲಿ ಕ್ಯಾಲೆಂಡರ್ ಗೋಡೆಯ ಮೇಲೇ ಇರುತ್ತದೆ, ಆದರೂ ಶುಕ್ರವಾರ ಮಾಂಸ ತಂದ ಮೇಲೆ "ಅಯ್ಯೋ, ಇವತ್ತು ಉಪವಾಸ ಅಲ್ವಾ" ಅನ್ನುತ್ತೇವೆ.

ಕಥೆ ಅಲ್ಲಿಗೇ ಸುಖವಾಗಿ ಮುಗಿಯಲಿಲ್ಲ. ಉರಕಾಮಿಯ ಸುಮಾರು 3,400 ಜನರನ್ನು ಹಿಡಿದು ದೂರ ದೂರದ ಪ್ರಾಂತ್ಯಗಳಿಗೆ ಗಡಿಪಾರು ಮಾಡಿದರು, ನೂರಾರು ಜನ ಅಲ್ಲೇ ಸತ್ತರು. 1873ರಲ್ಲಿ ನಿಷೇಧ ತೆಗೆದ ಮೇಲೆ ಉಳಿದವರು ಊರಿಗೆ ಮರಳಿದರು. ಕೆಲವು ದ್ವೀಪಗಳಲ್ಲಿ ಬಚ್ಚಿಟ್ಟುಕೊಂಡಿದ್ದ ಕೆಲವರು ಧರ್ಮಸಭೆಗೆ ಹಿಂತಿರುಗಲೇ ಇಲ್ಲ. ಅವರು ತಲೆಮಾರುಗಳಿಂದ ಹೇಳುತ್ತಾ ಬಂದ ಲ್ಯಾಟಿನ್, ಪೋರ್ಚುಗೀಸ್ ಜಪಗಳ ಶಬ್ದ ಬಾಯಲ್ಲಿ ಉಳಿದಿತ್ತು, ಎಷ್ಟೋ ಕಡೆ ಅರ್ಥ ಸವೆದುಹೋಗಿತ್ತು. ನನ್ನ ತರಗತಿಯ ಮಕ್ಕಳು ಗಡಗಡ ಅಂತ ವಿಶ್ವಾಸ ಸಂಗ್ರಹ ಒಪ್ಪಿಸುತ್ತಿದ್ದದ್ದು ನೆನಪಾದಾಗೆಲ್ಲಾ ಈ ಮಾತು ನನ್ನನ್ನು ಚುಚ್ಚುತ್ತದೆ.

ಮನೆಯಲ್ಲಿ ಏನು ಮಾಡೋಣ?

1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಕುಟುಂಬವನ್ನು ಗೃಹಸಭೆ ಎಂದು ಕರೆಯಿತು. ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರು ತಂದೆತಾಯಿಗಳೇ ಎಂದಿತು. ಅದು ಹೊಸ ಮಾತೇನಲ್ಲ. ತಿಮೊಥೇಯನ ವಿಶ್ವಾಸ ಮೊದಲು ಅವನ ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಕೆಯಲ್ಲಿ ನೆಲೆಸಿತ್ತು ಎಂದು ಸಂತ ಪೌಲರು ನೆನೆಯುತ್ತಾರೆ (2 ತಿಮೊಥೇಯ 1:5). ಅವನ ತಂದೆ ಗ್ರೀಕ, ತಂದೆಯ ವಿಶ್ವಾಸದ ಬಗ್ಗೆ ಒಂದು ಮಾತೂ ಇಲ್ಲ. ಗಂಡ ಪೂಜೆಗೆ ಬರುವುದಿಲ್ಲ ಅಂತ ಈ ಬೆಟ್ಟದಲ್ಲಿ ಹರಕೆ ಹೊತ್ತ ತಾಯಂದಿರು ಯೂನಿಕೆಯನ್ನು ನೆನಪಿಟ್ಟುಕೊಳ್ಳಲಿ.

ಈಗಿನ ಒಂದು ತೊಂದರೆ ಭಾಷೆಯದು. ಅಜ್ಜಿ ಜಪಸರ ಹೇಳುವುದು ಕನ್ನಡದಲ್ಲಿ, ಮೊಮ್ಮಗಳು ಶಾಲೆಯಲ್ಲಿ ಕಲಿತದ್ದು ಇಂಗ್ಲಿಷಿನಲ್ಲಿ. ಇಬ್ಬರೂ ಒಂದೇ ಮನೆಯಲ್ಲಿದ್ದರೂ ಒಟ್ಟಿಗೆ ಪರಲೋಕ ಮಂತ್ರ ಹೇಳಲು ಬರುವುದಿಲ್ಲ. ಇದಕ್ಕೆ ಕ್ಸೇವಿಯರರ ಉಪಾಯವೇ ಒಳ್ಳೆಯದು. ಮಗು ಅಜ್ಜಿಗೆ ಕಲಿಸಲಿ, ಅಜ್ಜಿ ಮಗುವಿಗೆ ಕಲಿಸಲಿ. ರಾತ್ರಿ ಊಟಕ್ಕೆ ಮುಂಚೆ ಒಂದು ಹತ್ತರ ಮಣಿ ಸಾಕು. ಐವತ್ತಮೂರು ಮಣಿಯನ್ನೂ ಎಳೆದು, ಮಗು ತೂಕಡಿಸಿದರೆ ತಲೆಗೆ ಮೊಟಕಿ, ಕೊನೆಗೆ ಜಪಸರ ಅಂದರೇ ಓಡಿಹೋಗುವ ಹಾಗೆ ಮಾಡಬೇಡಿ. ಮೊಬೈಲ್ ಬಗ್ಗೆ ದೊಡ್ಡವರು ಬಹಳ ಬೈಯುತ್ತಾರೆ. ಜಪದ ಹೊತ್ತಿನಲ್ಲಿ ಮೊದಲು ರಿಂಗಾಗುವುದು ಯಾರ ಮೊಬೈಲು ಅಂತ ಮಾತ್ರ ನೋಡಿಕೊಳ್ಳಿ.

ಇನ್ನು ಕಷ್ಟದ ಪ್ರಶ್ನೆಗಳು. "ಅಷ್ಟೊಂದು ಪ್ರಾರ್ಥನೆ ಮಾಡಿದ್ವಿ, ಮತ್ತೆ ಅಜ್ಜಿ ಯಾಕೆ ಸತ್ತೋದ್ರು?" ಇದಕ್ಕೆ ತರಗತಿಯ ಪುಸ್ತಕದಲ್ಲಿ ಒಂದು ಸಾಲಿನ ಉತ್ತರವಿಲ್ಲ. "ನನಗೂ ಗೊತ್ತಿಲ್ಲ ಮಗಾ, ನನಗೂ ಅಳು ಬರುತ್ತೆ" ಅನ್ನಿ. ತಮ್ಮ ಲಾಜರನು ಸತ್ತಾಗ ಮಾರ್ತಳೂ ಮರಿಯಳೂ ಯೇಸುಸ್ವಾಮಿಯ ಮುಂದೆ ಇದೇ ದೂರು ಇಟ್ಟರು, ನೀವು ಇಲ್ಲಿದ್ದಿದ್ದರೆ ಸಾಯುತ್ತಿರಲಿಲ್ಲ ಎಂದು. ಯೇಸು ಅವರಿಗೆ ಬೈಯಲಿಲ್ಲ. ಸಮಾಧಿಯ ಕಡೆ ನಡೆಯುತ್ತಾ ಅತ್ತರು (ಯೊವಾನ್ನ 11:21-35). "ಗೊತ್ತಿಲ್ಲ" ಅಂದರೆ ಮಕ್ಕಳ ವಿಶ್ವಾಸ ಹೋಗುತ್ತದೆ ಅಂತ ಹೆದರಬೇಡಿ. ಗೊತ್ತಿಲ್ಲದ್ದನ್ನು ಗೊತ್ತು ಅಂದಾಗಲೇ ಅವರು ಕಂಡುಹಿಡಿಯುವುದು.

ಮತ್ತೆ ಅದೇ ಸ್ಥಳ

ಕೆಲವು ವರ್ಷದ ಹಿಂದೆ ಶುಭಶುಕ್ರವಾರ ಮೊಮ್ಮಗಳು ಬೆಟ್ಟಕ್ಕೆ ಬರಬೇಕು ಅಂತ ಹಟ ಹಿಡಿದಳು. ಅವಳನ್ನು ಎತ್ತಿಕೊಳ್ಳಲು ನನ್ನ ಕೈಯಲ್ಲಿ ಆಗುವುದಿಲ್ಲ ಅಂತ ಮಗನೂ ಬಂದ. ಜಪಕ್ಕಲ್ಲ, ಮಗಳನ್ನು ನೋಡಿಕೊಳ್ಳುವುದಕ್ಕೆ. ಒಂಬತ್ತನೆಯ ಸ್ಥಳಕ್ಕೆ ಬರುವಾಗ ನನಗೇ ಉಸಿರು ಕಟ್ಟಿತ್ತು, ಕುಳಿತೆ. ಅವಳು ಆ ಚಿತ್ರ ನೋಡಿ, "ತಾತಾ, ಮತ್ತೆ ಬಿದ್ದೋದ್ರಾ?" ಅಂದಳು.

ಮೂರು ಸಲ ಬಿದ್ದರು ಅನ್ನುವುದು ನಾಲ್ಕು ಶುಭಸಂದೇಶಗಳಲ್ಲಿ ಎಲ್ಲೂ ಬರೆದಿಲ್ಲ. ಭಕ್ತರ ಬಾಯಿಂದ ಬಾಯಿಗೆ ಬಂದ ಪರಂಪರೆ ಅದು. ಮೂರು, ಏಳು, ಒಂಬತ್ತನೆಯ ಸ್ಥಳಗಳು. ಇದನ್ನೆಲ್ಲಾ ನಾನು ತರಗತಿಯಲ್ಲಿ ಚೆನ್ನಾಗಿ ಹೇಳುತ್ತಿದ್ದೆ. ಅವತ್ತು ಅದು ಬಾಯಿಗೆ ಬರಲಿಲ್ಲ. "ನಾವು ಬೀಳ್ತೀವಲ್ಲಮ್ಮ, ಅದಕ್ಕೆ. ತಾತನೂ ಒಂದ್ಸಲ ಬಿದ್ದಿದ್ದ" ಅಂದೆ.

"ಎಲ್ಲಿ?"

ಹೇಳಿದೆ. ನನ್ನ ಅಂಗಡಿ ಮುಳುಗಿ ಸಾಲವಾದಾಗ ದೇವರ ಮೇಲೆ ಸಿಟ್ಟು ಬಂದು ಎರಡು ವರ್ಷ ದೇವಾಲಯದೊಳಗೆ ಕಾಲಿಡಲಿಲ್ಲ. ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಮನೆಯಿಂದ ಹೊರಡುತ್ತಿದ್ದೆ, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕುಳಿತು ಪೂಜೆ ಮುಗಿಯುವ ಹೊತ್ತಿಗೆ ವಾಪಸ್ ಬರುತ್ತಿದ್ದೆ. ಹೆಂಡತಿಗೂ ಹೇಳಿರಲಿಲ್ಲ. ಒಂದು ದಿನ ದೇವಾಲಯದ ಗಂಟೆ ಹೊಡೆಯುವ ಮುದುಕ ಆ ಹೋಟೆಲಿಗೆ ಬಂದು ನನ್ನ ಎದುರಿಗೆ ಕುಳಿತ. ಬೈಯಲಿಲ್ಲ, ಕೇಳಲಿಲ್ಲ. ಕಾಫಿ ಕುಡಿದು, "ಶುಕ್ರವಾರ ಶಿಲುಬೆ ಹಾದಿ ಇದೆ. ನನ್ನ ಹೆಗಲು ನೋವು. ಶಿಲುಬೆ ಹಿಡಿಯೋಕೆ ಒಬ್ಬರು ಬೇಕು" ಅಂದ. ಹೋದೆ. ಅಷ್ಟೇ.

ಮೊಮ್ಮಗಳಿಗೆ ಎಷ್ಟು ತಿಳಿಯಿತೋ. ಆ ಮುದುಕನಿಗೆ ಹೆಗಲು ವಾಸಿಯಾಯಿತಾ ಅಂತ ಕೇಳಿದಳು. ಮಗ ಅವಳ ಹಿಂದೆಯೇ ನಿಂತಿದ್ದ. ಅವನು ಹುಟ್ಟುವ ಮೊದಲಿನ ಮಾತು ಅದು, ಅವನಿಗೆ ಯಾವತ್ತೂ ಹೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಆವತ್ತೇ ಹೇಳಬಹುದಿತ್ತಲ್ಲಪ್ಪ" ಅಂದ.

ಅವನು ಈಗ ಪ್ರತಿ ಭಾನುವಾರ ಪೂಜೆಗೆ ಬರುತ್ತಾನೆ ಅಂತ ಬರೆದರೆ ಸುಳ್ಳಾಗುತ್ತದೆ. ವರ್ಷಕ್ಕೊಮ್ಮೆ ಬೆಟ್ಟಕ್ಕೆ ಮಾತ್ರ ತಪ್ಪದೆ ಬರುತ್ತಾನೆ. ಇಳಿಯುವಾಗ ನನ್ನ ಕೈ ಹಿಡಿದುಕೊಳ್ಳುತ್ತಾನೆ, ಏನಾದರೂ ಕೇಳುತ್ತಾನೆ. ಕೆಲವಕ್ಕೆ ನನಗೆ ಉತ್ತರ ಗೊತ್ತಿರುತ್ತದೆ.

ನೀವೂ ಇಳಿಯುವಾಗ ಅವಸರ ಮಾಡಬೇಡಿ. ಬಸ್ಸು ಹೊರಡುವುದಕ್ಕೆ ಇನ್ನೂ ಹೊತ್ತಿರುತ್ತದೆ. ಯಾವುದಾದರೂ ಒಂದು ಸ್ಥಳದ ಹತ್ತಿರ, ಹಿಂದಿನವರಿಗೆ ದಾರಿ ಬಿಟ್ಟು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅದು ಏನಾದರೂ ಕೇಳುವವರೆಗೆ ಸುಮ್ಮನೆ ಕುಳಿತಿರಿ.